ಬಾಂಬರ್ ವಿಮಾನ ಸಿಬ್ಬಂದಿಯ ಶೌರ್ಯ ಮತ್ತು ಸೆರೆವಾಸ: ಕರ್ನಾಟಕದ ನಂಟು

ಶತ್ರುನೆಲದ ಮೇಲೆ ಬಾಂಬು ಹಾಕುವುದಕ್ಕೆಂದೇ ರೂಪಿಸಿದ ಯುದ್ಧವಿಮಾನಕ್ಕೆ ಬಾಂಬರ್ ಎಂದು ಹೆಸರು. ಫೈಟರ್ ವಿಮಾನದಲ್ಲಿ ಸಾಮಾನ್ಯವಾಗಿ ಪೈಲಟ್ ಒಬ್ಬನೇ ಇರುತ್ತಾನೆ. ಬಾಂಬರಿನಲ್ಲಿ ಪೈಲಟ್ ಜೊತೆಗೆ ದಾರಿ ಲೆಕ್ಕಹಾಕಿ ಗುರಿ ತೋರಿಸುವ ನ್ಯಾವಿಗೇಟರ್ ಇರುತ್ತಾನೆ. ಎರಡನೇ ಮಹಾಯುದ್ಧದ ದೊಡ್ಡ ಬಾಂಬರುಗಳಲ್ಲಿ ಇವರ ಜೊತೆ ಬಾಂಬು ಬಿಡುವವರು, ರೇಡಿಯೊ ನೋಡಿಕೊಳ್ಳುವವರು, ಮೆಷಿನ್‌ಗನ್ ಹಿಡಿದವರು ಸೇರಿ ಎಂಟು ಹತ್ತು ಮಂದಿ ಇರುತ್ತಿದ್ದರು. ಇವರ ಕೆಲಸ ನಡೆಯುವುದು ಗಡಿಯ ಆಚೆ, ಬಹುಮಟ್ಟಿಗೆ ಕತ್ತಲಲ್ಲಿ. ವಿಮಾನ ಬಿದ್ದರೆ ಸಿಬ್ಬಂದಿ ಬೀಳುವುದೂ ಶತ್ರುವಿನ ನೆಲದ ಮೇಲೆಯೇ. ಆದ್ದರಿಂದ ಬಾಂಬರ್ ಸಿಬ್ಬಂದಿಯ ಚರಿತ್ರೆಯಲ್ಲಿ ಶೌರ್ಯಪದಕ, ಸೆರೆವಾಸ, 'ನಾಪತ್ತೆ' ಎಂಬ ಮೂರು ಮಾತುಗಳು ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ಭೂಸೇನೆಯ ಯೋಧನ ಸಾಹಸಕ್ಕೆ ಪಕ್ಕದ ಕಂದಕದವರು ಸಾಕ್ಷಿ. ಬಾಂಬರಿನವರ ಸಾಹಸಕ್ಕೆ ಎಷ್ಟೋ ಸಲ ಅವರನ್ನು ಹೊಡೆದುರುಳಿಸಿದ ಶತ್ರುವೇ ಸಾಕ್ಷಿ. ಕರ್ನಾಟಕಕ್ಕೆ ಈ ವಿಷಯದೊಡನೆ ಇರುವ ನಂಟು ಎರಡು ಬಗೆಯದು: ಬಾಂಬರುಗಳನ್ನು ರಿಪೇರಿ ಮಾಡಿ, ಕಟ್ಟಿ ಕಳಿಸಿದ ಬೆಂಗಳೂರಿನ ಕಾರ್ಖಾನೆಯದು ಒಂದು, ಶತ್ರುನೆಲದ ಮೇಲೆ ಹಾರಿ ಮಡಿದ, ಸೆರೆಸಿಕ್ಕ, ಮರಳಿ ಬಂದ ವ್ಯಕ್ತಿಗಳದು ಇನ್ನೊಂದು.

ಕೈಗಾರಿಕೋದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ಅದೇ ಮುಂದೆ ಎಚ್‌ಎಎಲ್ ಆಯಿತು. ಜಪಾನ್ ಬರ್ಮಾವನ್ನು ಗೆದ್ದುಕೊಂಡ ಮೇಲೆ 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು. ಪೂರ್ವ ರಣಾಂಗಣದಲ್ಲಿ ಪೆಟ್ಟು ತಿಂದ ಲಿಬರೇಟರ್, ಮಿಚೆಲ್ ಬಾಂಬರುಗಳೂ ಕೆಟಲಿನಾ, ಡಕೋಟಾ ವಿಮಾನಗಳೂ ಇಲ್ಲಿಗೆ ಬಂದು ದುರಸ್ತಿಯಾಗಿ ಹೋಗುತ್ತಿದ್ದವು. ಊರಿನ ಸಾವಿರಾರು ಹುಡುಗರು ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿತದ್ದು ಆ ಕಾಲದಲ್ಲಿ. ಯುದ್ಧಕೈದಿ ಎಂದರೆ ಯಾರು ಎಂಬುದೂ ಬೆಂಗಳೂರಿಗೆ ಆಗಲೇ ತಿಳಿಯಿತು. ಉತ್ತರ ಆಫ್ರಿಕಾದ ಕಾಳಗಗಳಲ್ಲಿ ಶರಣಾದ ಇಟಲಿಯ ಸೈನಿಕರನ್ನು ಬ್ರಿಟಿಷರು ಇಲ್ಲಿಗೆ ತಂದು, ಜಾಲಹಳ್ಳಿಯೂ ಸೇರಿದಂತೆ ನಗರದ ಸುತ್ತ ತಂತಿಬೇಲಿಯ ಶಿಬಿರಗಳಲ್ಲಿ ಇಟ್ಟಿದ್ದರು.

ಜಪಾನಿನ ವಿರುದ್ಧ ಭಾರತೀಯರು ಬಾಂಬು ಹಾಕುವ ಕೆಲಸಕ್ಕೆ ಇಳಿದದ್ದು ಬರ್ಮಾದಲ್ಲಿ. 1942ರ ಆರಂಭದಲ್ಲಿ ಕೆ.ಕೆ. ಮಜುಂದಾರ್ ನಾಯಕತ್ವದ ವಾಯುಪಡೆಯ 1ನೇ ಸ್ಕ್ವಾಡ್ರನ್, ಸೈನ್ಯದ ಜೊತೆಗಿದ್ದು ವೀಕ್ಷಣೆ ನಡೆಸುವುದಕ್ಕೆ ಮಾಡಿದ ನಿಧಾನಗತಿಯ ಲೈಸ್ಯಾಂಡರ್ ವಿಮಾನಗಳಿಗೇ ಬಾಂಬು ಕಟ್ಟಿಕೊಂಡು ಜಪಾನೀಯರ ವಿಮಾನನೆಲೆಗಳ ಮೇಲೆ ದಾಳಿ ಮಾಡಿತು. ಮಜುಂದಾರರಿಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಶೌರ್ಯಪದಕ ಬಂತು. ಅನಂತರ 7 ಮತ್ತು 8ನೇ ಸ್ಕ್ವಾಡ್ರನ್‌ಗಳಿಗೆ ವೆಂಜೆನ್ಸ್ ಎಂಬ ಇಬ್ಬರು ಕೂರುವ ಡೈವ್ ಬಾಂಬರ್ ಸಿಕ್ಕಿತು. ಗುರಿಯ ನೆತ್ತಿಗೆ ಬಂದು, ಮೂಗು ಕೆಳಗೆ ಮಾಡಿ ಹೆಚ್ಚುಕಡಿಮೆ ನೆಟ್ಟಗೆ ಧುಮುಕಿ, ಬಾಂಬು ಬಿಟ್ಟು ಮರದ ತುದಿಯ ಮಟ್ಟದಲ್ಲಿ ಮೇಲೇಳುವುದು ಇದರ ಪದ್ಧತಿ. ಬೆನ್ನಿಗೆ ಬೆನ್ನು ಕೊಟ್ಟು ಹಿಂದೆ ಕೂತ ಗನ್ನರ್‌ಗೆ ನೆಲ ಕಾಣದು, ಆಕಾಶ ಮಾತ್ರ ಕಾಣುತ್ತದೆ. ಪೈಲಟ್ ವಿಮಾನವನ್ನು ಮೇಲೆತ್ತುತ್ತಾನೆಂದು ನಂಬಿ ಕೂರಬೇಕು, ಅಷ್ಟೇ. ಬರ್ಮಾದ ಅರಾಕಾನ್ ಕಾಡುಗಳ ಮೇಲೆ 1943ರ ಕೊನೆಯಿಂದ 8ನೇ ಸ್ಕ್ವಾಡ್ರನ್ ಹಾರಿತು.

ಸ್ವತಂತ್ರ ಭಾರತದ ಮೊದಲ ಭಾರೀ ಬಾಂಬರ್ ಪಡೆ ಹುಟ್ಟಿದ್ದು ಬೆಂಗಳೂರಿನ ಕೈಗಳಿಂದ. ಯುದ್ಧ ಮುಗಿದಾಗ ಬ್ರಿಟಿಷರ ಬಳಿಯಿದ್ದ ಲಿಬರೇಟರ್ ವಿಮಾನಗಳು ಅಮೆರಿಕದಿಂದ ಕಡವಾಗಿ ಬಂದವು. ಅವನ್ನು ಬೇರೆಯವರಿಗೆ ಕೊಡದೆ ನಾಶಮಾಡಬೇಕೆಂಬುದು ಒಪ್ಪಂದ. ಕಾನ್ಪುರದ ಚಕೇರಿಯಲ್ಲಿ ಸಾಲಾಗಿ ನಿಲ್ಲಿಸಿ, ಗುದ್ದಲಿ ಹಾಕಿ ಒಡೆದು, ಎಂಜಿನ್‌ಗಳಿಗೆ ಮಣ್ಣು ತುಂಬಿ ಬಿಟ್ಟುಹೋದರು. ಈ ಗುಜರಿಯಲ್ಲಿ ಹಾರಬಲ್ಲ ವಿಮಾನಗಳಿವೆ ಎಂದು ಎಚ್‌ಎಎಲ್‌ನ ತಂತ್ರಜ್ಞರು ಕಂಡುಕೊಂಡರು. ಅಲ್ಲಿಯೇ ತೇಪೆ ಹಾಕಿ ಬೆಂಗಳೂರು ಮುಟ್ಟುವಷ್ಟು ಮಟ್ಟಿಗೆ ಸರಿಪಡಿಸಿದರು. ಸಂಸ್ಥೆಯ ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಷಿ ಆ ಅರೆಜೀವದ ವಿಮಾನಗಳನ್ನು ಒಂದೊಂದಾಗಿ ಹಾರಿಸಿಕೊಂಡು ತಂದರು. ಹೀಗೆ ಬಂದವು 42. ನಾಲ್ಕು ಎಂಜಿನ್ನಿನ ಜಖಂಗೊಂಡ ಬಾಂಬರಿನಲ್ಲಿ ಕಾನ್ಪುರದಿಂದ ಬೆಂಗಳೂರಿಗೆ ಹಾರುವುದು ಯುದ್ಧದ ಹಾರಾಟಕ್ಕಿಂತ ಕಡಿಮೆ ಅಪಾಯದ್ದಲ್ಲ. ಅದಕ್ಕೆ ಶೌರ್ಯಪದಕಗಳ ಪಟ್ಟಿಯಲ್ಲಿ ಜಾಗವಿಲ್ಲ ಎಂದ ಮಾತ್ರಕ್ಕೆ ಈ ಲೇಖನದಲ್ಲಿ ಅದನ್ನು ಬಿಡುವಂತಿಲ್ಲ. 1948ರ ನವೆಂಬರ್ 2ರಂದು 5ನೇ ಸ್ಕ್ವಾಡ್ರನ್ ಈ ಲಿಬರೇಟರ್‌ಗಳೊಂದಿಗೆ ಆರಂಭವಾಯಿತು. ಸಮುದ್ರ ಕಾವಲಿನ 6ನೇ ಸ್ಕ್ವಾಡ್ರನ್ ಅವನ್ನು 1960ರ ದಶಕದ ಕೊನೆಯವರೆಗೂ ಬಳಸಿತು. ಜಗತ್ತಿನಲ್ಲಿ ಉಳಿದಿರುವ ಲಿಬರೇಟರ್‌ಗಳೇ ಬೆರಳೆಣಿಕೆಯಷ್ಟು. ಬ್ರಿಟನ್, ಅಮೆರಿಕ, ಕೆನಡಾದ ವಸ್ತುಸಂಗ್ರಹಾಲಯಗಳಿಗೆ ಸೇರಿದ ಕೆಲವು ಭಾರತ ಕೊಟ್ಟವು.

ಲಿಬರೇಟರ್ ನಂತರ ಬಂದ ಕ್ಯಾನ್‌ಬೆರಾ ಭಾರತದ ಬಾಂಬರ್ ಚರಿತ್ರೆಯ ಮುಖ್ಯ ಪಾತ್ರಧಾರಿ. 1957ರಲ್ಲಿ ಬ್ರಿಟನ್ನಿನಿಂದ ಕೊಂಡ ಈ ಎರಡು ಜೆಟ್ ಎಂಜಿನ್ನಿನ ವಿಮಾನ ಐವತ್ತು ವರ್ಷ ಸೇವೆ ಸಲ್ಲಿಸಿ 2007ರ ಮೇ ತಿಂಗಳಲ್ಲಿ ಆಗ್ರಾದಲ್ಲಿ ನಿವೃತ್ತವಾಯಿತು. ಬಾಂಬು ಹಾಕುವ ಮಾದರಿಯ ಒಳಗಿನ ಏರ್ಪಾಟನ್ನು ಕೊಂಚ ಹತ್ತಿರದಿಂದ ನೋಡಬೇಕು. ಪೈಲಟ್ ಮೇಲೆ, ಒಂದು ಬದಿಗೆ ಸರಿದ ಗಾಜಿನ ಗುಮ್ಮಟದ ಕೆಳಗೆ ಕೂರುತ್ತಾನೆ. ನ್ಯಾವಿಗೇಟರ್ ಜಾಗ ಅವನಿಗಿಂತ ಕೆಳಗೆ, ವಿಮಾನದ ಮೂಗಿನೊಳಗೆ. ಅಲ್ಲಿ ಸಣ್ಣದೊಂದು ಮೇಜು, ನಕ್ಷೆ, ಮಂದ ದೀಪ. ಗುರಿ ಹತ್ತಿರವಾದಾಗ ಮುಂದಕ್ಕೆ ತೆವಳಿ ಹೊಟ್ಟೆಯ ಮೇಲೆ ಮಲಗಿ ಗಾಜಿನ ಮೂಲಕ ಕೆಳಗೆ ನೋಡಬೇಕು. ವಿಮಾನಕ್ಕೆ ಪೆಟ್ಟು ಬಿದ್ದರೆ ಪೈಲಟ್‌ಗೆ ಎಜೆಕ್ಷನ್ ಸೀಟು ಉಂಟು: ಹಿಡಿ ಎಳೆದರೆ ಸೀಟು ಸಮೇತ ಹೊರಗೆ ಚಿಮ್ಮುತ್ತಾನೆ. ನ್ಯಾವಿಗೇಟರ್‌ಗೆ ಅದು ಇಲ್ಲ. ಪ್ಯಾರಾಚೂಟ್ ಹಾಕಿಕೊಂಡು, ಪಕ್ಕದ ಸಣ್ಣ ಬಾಗಿಲು ತೆರೆದು, ತಾನೇ ಹಾರಿಕೊಳ್ಳಬೇಕು. ನೆಲಕ್ಕೆ ತಾಕುವಷ್ಟು ಕೆಳಗೆ ಹಾರುತ್ತಿರುವಾಗ ಅಷ್ಟು ಸಮಯ ಎಲ್ಲಿಯದು? ಇದನ್ನು ತಿಳಿದೂ ಪ್ರತಿ ರಾತ್ರಿ ಆ ಮೂಗಿನೊಳಗೆ ಹೋಗಿ ಕೂತವರ ಧೈರ್ಯ, ಪದಕ ಬಂದರೂ ಬಾರದಿದ್ದರೂ, ಬಾಂಬರ್ ಸಿಬ್ಬಂದಿಯ ಶೌರ್ಯಗಳಲ್ಲಿ ಎಲ್ಲಕ್ಕಿಂತ ಮೇಲಿನದು.

ಕ್ಯಾನ್‌ಬೆರಾದಲ್ಲಿ ಸೆರೆಸಿಕ್ಕ ಮೊದಲಿಗರದು ಯುದ್ಧಕಾಲದ ಪ್ರಸಂಗವಲ್ಲ. 1959ರ ಏಪ್ರಿಲ್ 10, ಈದ್ ಹಬ್ಬದ ದಿನ, ಫೋಟೊ ತೆಗೆಯುವ ಮಾದರಿಯ ಕ್ಯಾನ್‌ಬೆರಾವನ್ನು ರಾವಲ್ಪಿಂಡಿಯ ಬಳಿ ಪಾಕಿಸ್ತಾನದ ಸೇಬರ್ ವಿಮಾನ ಹೊಡೆದುರುಳಿಸಿತು. ಪೈಲಟ್ ಸ್ಕ್ವಾಡ್ರನ್ ಲೀಡರ್ ಜೆ.ಸಿ. ಸೇನ್‌ಗುಪ್ತ, ನ್ಯಾವಿಗೇಟರ್ ಫ್ಲೈಟ್ ಲೆಫ್ಟಿನೆಂಟ್ ಎಸ್.ಎನ್. ರಾಮ್‌ಪಾಲ್ ಇಬ್ಬರೂ ವಿಮಾನದಿಂದ ಹೊರಬಿದ್ದು ಬದುಕಿ, ಸೆರೆಯಾಗಿ, ಬೇಗನೆ ಮರಳಿದರು. ಎರಡು ವರ್ಷದ ಬಳಿಕ ವಿಶ್ವಸಂಸ್ಥೆಯ ಪರವಾಗಿ ಕಾಂಗೊಗೆ ಹೋದ 5ನೇ ಸ್ಕ್ವಾಡ್ರನ್ನಿನ ಆರು ಕ್ಯಾನ್‌ಬೆರಾಗಳು 1961ರ ಡಿಸೆಂಬರಿನಲ್ಲಿ ಕೋಲ್ವೇಜಿ ವಿಮಾನನೆಲೆಯ ಮೇಲೆ ದಾಳಿ ಮಾಡಿ ಅಲ್ಲಿನ ಕಟಾಂಗಾ ಪ್ರಾಂತ್ಯದ ಬಂಡುಕೋರರ ವಿಮಾನಬಲವನ್ನು ಮುರಿದವು.

ಪಾಕಿಸ್ತಾನದೊಡನೆ ನಡೆದ 1965ರ ಸೆಪ್ಟೆಂಬರಿನ ಯುದ್ಧದಲ್ಲಿ ಕ್ಯಾನ್‌ಬೆರಾಗಳು ಹೆಚ್ಚಾಗಿ ರಾತ್ರಿ ಹೊತ್ತು ಸರ್ಗೋಧಾ, ಪೇಶಾವರದಂಥ ದೂರದ ನೆಲೆಗಳ ಮೇಲೆ ಹಾರಿದವು. 5ನೇ ಸ್ಕ್ವಾಡ್ರನ್ನಿನ ವಿಂಗ್ ಕಮಾಂಡರ್ ಪ್ರೇಮ್‌ಪಾಲ್ ಸಿಂಗ್ ಅವರಿಗೆ ಯುದ್ಧಕಾಲದ ಎರಡನೇ ಅತ್ಯುನ್ನತ ಶೌರ್ಯಪದಕವಾದ ಮಹಾವೀರ ಚಕ್ರ ದೊರೆಯಿತು. ಸೆಪ್ಟೆಂಬರ್ 21ರಂದು ಪೀಟರ್ ವಿಲ್ಸನ್ ಮುಂದಾಳತ್ವದಲ್ಲಿ 16ನೇ ಸ್ಕ್ವಾಡ್ರನ್ ಬಾದಿನ್‌ನ ರೇಡಾರ್ ಕೇಂದ್ರವನ್ನು ಹಗಲಿನಲ್ಲೇ ಹೊಡೆಯಿತು. ಅದೇ ದಿನಾಂಕದ ರಾತ್ರಿ ದಾಳಿಯಿಂದ ಮರಳುತ್ತಿದ್ದ ಕ್ಯಾನ್‌ಬೆರಾ ಒಂದನ್ನು ಪಾಕಿಸ್ತಾನದ ಸ್ಟಾರ್‌ಫೈಟರ್ ಕ್ಷಿಪಣಿಯಿಂದ ಉರುಳಿಸಿತು. ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಎಂ.ಎಂ. ಲೋವ್ ಸೀಟಿನೊಂದಿಗೆ ಚಿಮ್ಮಿ ಬದುಕಿ ಸೆರೆಯಾದರು. ಮೂಗಿನೊಳಗಿದ್ದ ನ್ಯಾವಿಗೇಟರ್ ಫ್ಲೈಯಿಂಗ್ ಆಫೀಸರ್ ಕೆ.ಕೆ. ಕಪೂರ್ ಉಳಿಯಲಿಲ್ಲ.

ವಾಯುಪಡೆಯಲ್ಲಿ ಮಹಾವೀರ ಚಕ್ರವನ್ನು ಎರಡೆರಡು ಬಾರಿ ಪಡೆದವರು ಇಬ್ಬರೇ: 1962 ಮತ್ತು 1965ರ ಹಾರಾಟಗಳಿಗಾಗಿ ಜಗಮೋಹನ ನಾಥ್, 1965 ಮತ್ತು 1971ರ ಹಾರಾಟಗಳಿಗಾಗಿ ಪದ್ಮನಾಭ ಗೌತಮ್. ಇಬ್ಬರೂ ಕ್ಯಾನ್‌ಬೆರಾ ಪೈಲಟ್‌ಗಳು.

ದೊಡ್ಡ ಬಾಂಬರುಗಳ ಜೊತೆಯಲ್ಲೇ, ಒಬ್ಬನೇ ಪೈಲಟ್ ಕೂರುವ ಫೈಟರ್ ಬಾಂಬರುಗಳೂ ಶತ್ರುನೆಲೆಗಳ ಮೇಲೆ ಬಾಂಬು, ರಾಕೆಟ್ ಹೊತ್ತು ಹೋಗುತ್ತಿದ್ದವು. ಕನ್ನಡನಾಡಿನ ಎರಡು ದೊಡ್ಡ ಹೆಸರುಗಳು ಈ ಗುಂಪಿನವು. ಎರಡೂ ಕೊಡಗಿನವು. ಒಬ್ಬರು ಮರಳಿ ಬರಲಿಲ್ಲ, ಇನ್ನೊಬ್ಬರು ಸೆರೆಯಿಂದ ಬಂದರು.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆ ಸೇರಿದರು. ಹೊಸಬರಿಗೆ ಹಾರಾಟ ಕಲಿಸುವ ಶಿಕ್ಷಕರಾಗಿದ್ದ ಅವರನ್ನು 1965ರ ಯುದ್ಧ ಶುರುವಾದಾಗ ಆದಂಪುರದ 1ನೇ ಸ್ಕ್ವಾಡ್ರನ್‌ಗೆ ಕಳಿಸಿದರು. ಅಲ್ಲಿದ್ದದ್ದು ಫ್ರಾನ್ಸಿನ ಮಿಸ್ಟೇರ್ ವಿಮಾನ. ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಂಗ್ ಕಮಾಂಡರ್ ಒ.ಪಿ. ತನೇಜಾ ನೇತೃತ್ವದಲ್ಲಿ ಸರ್ಗೋಧಾ ದಾಳಿಗೆ ಹೊರಟ ಪಟ್ಟಿಯಲ್ಲಿ ದೇವಯ್ಯ ಬದಲಿ ಆಳು ಮಾತ್ರ. ಯಾರದಾದರೂ ವಿಮಾನ ಕೈಕೊಟ್ಟರೆ ಆ ಜಾಗಕ್ಕೆ ಹೋಗಬೇಕು, ಇಲ್ಲದಿದ್ದರೆ ಉಳಿಯಬೇಕು. ಒಂದು ವಿಮಾನ ಕೈಕೊಟ್ಟಿತು, ದೇವಯ್ಯ ಹೊರಟರು. ಮಿಸ್ಟೇರ್‌ಗೆ ಸರ್ಗೋಧಾ ಎಂದರೆ ಇಂಧನದ ಕೊನೆಯ ಮಿತಿ. ದಾರಿಯಲ್ಲಿ ಎಲ್ಲಿಯೂ ಹೆಚ್ಚು ಹೊತ್ತು ಕಾದಾಡುವ ಅವಕಾಶವಿಲ್ಲದ ದಾಳಿ ಅದು.

ದಾಳಿ ಮುಗಿಸಿ ಮರಳುವಾಗ ದೇವಯ್ಯನವರ ಬೆನ್ನು ಹತ್ತಿದ್ದು ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದ ಆ ವಿಮಾನಕ್ಕೆ ಮಿಸ್ಟೇರ್ ಯಾವ ಲೆಕ್ಕದಲ್ಲೂ ಸಮನಲ್ಲ. ಪೆಟ್ಟು ತಿಂದ ದೇವಯ್ಯ ಗಡಿಯ ಕಡೆ ಓಡಲಿಲ್ಲ, ತಿರುಗಿಬಿದ್ದರು. ಕೆಳಮಟ್ಟದಲ್ಲಿ, ಕಡಿಮೆ ವೇಗದ ತಿರುವುಗಳಲ್ಲಿ ಸ್ಟಾರ್‌ಫೈಟರಿನ ಅಪಾರ ವೇಗ ಉಪಯೋಗಕ್ಕೆ ಬಾರದು. ಅಲ್ಲಿ ಸಿಕ್ಕ ಅವಕಾಶದಲ್ಲಿ ದೇವಯ್ಯನವರ ಗುಂಡು ತಾಕಿ ಅಮ್ಜದ್ ವಿಮಾನ ಬಿಟ್ಟು ಹಾರಿಕೊಳ್ಳಬೇಕಾಯಿತು. ಜಖಂಗೊಂಡ, ಇಂಧನ ಬತ್ತಿದ ಮಿಸ್ಟೇರ್ ಪಾಕಿಸ್ತಾನದ ನೆಲದಲ್ಲೇ ಬಿತ್ತು.

ಇಷ್ಟೂ ನಡೆದದ್ದನ್ನು ಜೊತೆಯವರು ಯಾರೂ ನೋಡಿರಲಿಲ್ಲ. ಭಾರತದ ದಾಖಲೆಯಲ್ಲಿ ದೇವಯ್ಯ ನಾಪತ್ತೆ, ಅಷ್ಟೇ. ಸೆರೆಯಾದವರು ಮರಳಿದಾಗ ಅವರ ನಡುವೆ ದೇವಯ್ಯ ಇರಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಪಡೆಯ ಪರವಾದ ಮಾಹಿತಿ ಇಟ್ಟುಕೊಂಡು ಬರೆದ ಯುದ್ಧಚರಿತ್ರೆಯಲ್ಲಿ ಸ್ಟಾರ್‌ಫೈಟರ್ ಒಂದನ್ನು ಮಿಸ್ಟೇರ್ ಉರುಳಿಸಿದ ಸಂಗತಿ ಹೊರಬಂತು. ಅದು ಯಾರ ಮಿಸ್ಟೇರ್ ಎಂದು ಹುಡುಕುತ್ತ ಹೋದ ವಾಯುಪಡೆಗೆ ಸಿಕ್ಕ ಉತ್ತರ ದೇವಯ್ಯ. ಹಳೆಯ ನಾಯಕ ತನೇಜಾ ಈ ವಿಷಯವನ್ನು ಕೈಬಿಡದೆ ಮುಂದಕ್ಕೆ ಒಯ್ದರು. 1988ರಲ್ಲಿ, ಮಡಿದ 23 ವರ್ಷದ ಮೇಲೆ, ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ಮಡಿಕೇರಿಯಲ್ಲಿ ಈಗ ಅವರ ಹೆಸರಿನ ವೃತ್ತವಿದೆ. ಶತ್ರುವಿನ ದಾಖಲೆಯಿಂದ ಹೊರಬಿದ್ದ ಶೌರ್ಯ ಎಂಬುದಕ್ಕೆ ಭಾರತದ ವಾಯುಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದಿಲ್ಲ.

ಎರಡನೆಯವರು ಕೊಡಂದೇರ ಮನೆತನದ ಕೆ.ಸಿ. ಕಾರ್ಯಪ್ಪ, ಮನೆಯವರಿಗೆ, ಸ್ನೇಹಿತರಿಗೆ ನಂದ. ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕೆ.ಎಂ. ಕಾರ್ಯಪ್ಪನವರ ಮಗ. 20ನೇ ಸ್ಕ್ವಾಡ್ರನ್ನಿನಲ್ಲಿ ಹಂಟರ್ ವಿಮಾನ ಹಾರಿಸುತ್ತಿದ್ದ ಈ ಫ್ಲೈಟ್ ಲೆಫ್ಟಿನೆಂಟ್ 1965ರ ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಒಂದು ದಿನವೂ ಇಲ್ಲದಿರುವಾಗ, ಪಾಕಿಸ್ತಾನದ ಭೂಪಡೆಯ ಮೇಲೆ ದಾಳಿ ಮಾಡುತ್ತ ನೆಲದಿಂದ ಬಂದ ಗುಂಡಿಗೆ ಸಿಕ್ಕಿದರು. ಎಜೆಕ್ಟ್ ಆದರು, ಬೆನ್ನುಮೂಳೆಗೆ ಪೆಟ್ಟಾಯಿತು, ಬಿದ್ದಲ್ಲೇ ಶತ್ರುಸೈನಿಕರು ಸುತ್ತುವರಿದರು.

ಕೈದಿ ಯಾರ ಮಗ ಎಂದು ತಿಳಿದಾಗ ವಿಷಯ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರವರೆಗೆ ಹೋಯಿತು. ದೇಶ ಒಡೆಯುವ ಮುನ್ನ ಅದೇ ಸೇನೆಯಲ್ಲಿ ಕಾರ್ಯಪ್ಪನವರ ಜೊತೆ ಇದ್ದವರು ಅಯೂಬ್. ಮಗನನ್ನು ಬಿಡಿಸಿ ಕಳಿಸುವುದಾಗಿ ತಂದೆಗೆ ಸಂದೇಶ ಬಂತು. ನಿವೃತ್ತರಾಗಿ ಮಡಿಕೇರಿಯ 'ರೋಷನಾರ'ದಲ್ಲಿದ್ದ ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲ ಭಾರತೀಯ ಸೈನಿಕರೂ ತನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಿ, ಇಲ್ಲದಿದ್ದರೆ ಇವನಿಗೂ ಬೇರೆ ಮರ್ಯಾದೆ ಬೇಡ ಎಂಬುದು ಅವರು ಕೊಟ್ಟ ಉತ್ತರದ ತಾತ್ಪರ್ಯ. ಕೊಡಗಿನಲ್ಲಿ ಇದು ಮನೆಮನೆಯ ಮಾತು. ಅಯೂಬರ ಪತ್ನಿ ಮತ್ತು ಹಿರಿಯ ಮಗ ಗಾಯಾಳುವನ್ನು ನೋಡಲು ಬಂದಾಗ ಸಿಗರೇಟು ಮತ್ತು ಪಿ.ಜಿ. ವುಡ್‌ಹೌಸ್ ಅವರ ಕಾದಂಬರಿಯನ್ನು ತಂದುಕೊಟ್ಟಿದ್ದರು. ನಂದ ಕಾರ್ಯಪ್ಪ ಉಳಿದ ಕೈದಿಗಳೊಂದಿಗೇ 1966ರ ಜನವರಿಯಲ್ಲಿ ಮರಳಿದರು. ಸೇವೆಯಲ್ಲಿ ಮುಂದುವರಿದು ಏರ್ ಮಾರ್ಷಲ್ ಹುದ್ದೆಗೇರಿ ನಿವೃತ್ತರಾದರು. ತಂದೆಯ ಜೀವನಚರಿತ್ರೆಯನ್ನೂ ಬರೆದರು.

1971ರ ಯುದ್ಧದಲ್ಲಿ ಕನ್ನಡ ಕರಾವಳಿಯ ಹೆಸರೊಂದು ಕ್ಯಾನ್‌ಬೆರಾ ಪಡೆಯ ಮುಂಚೂಣಿಯಲ್ಲಿತ್ತು. 106ನೇ ಸ್ಕ್ವಾಡ್ರನ್ನಿನ ನಾಯಕ ವಿಂಗ್ ಕಮಾಂಡರ್ ರಮೇಶ್ ಸಖಾರಾಮ ಬೆನೆಗಲ್ ಹುಟ್ಟಿದ್ದು ರಂಗೂನಿನಲ್ಲಿ, 1926ರಲ್ಲಿ. ಮನೆತನದ ಹೆಸರು ಉಡುಪಿ ಸೀಮೆಯ ಊರಿನದು. ಹದಿಹರೆಯದಲ್ಲಿ ಆಜಾದ್ ಹಿಂದ್ ಫೌಜ್ ಸೇರಿದ ಅವರು, ಸುಭಾಷ್‌ಚಂದ್ರ ಬೋಸ್ ತರಬೇತಿಗಾಗಿ ಜಪಾನಿಗೆ ಕಳಿಸಿದ ಯುವಕರ ತಂಡದಲ್ಲಿ ಒಬ್ಬರು. ಸೋತ ಪಕ್ಷದವರಾಗಿ ಭಾರತಕ್ಕೆ ಬಂದು, ಸ್ವತಂತ್ರ ದೇಶದ ವಾಯುಪಡೆ ಸೇರಿದರು. ಫೋಟೊ ತೆಗೆಯುವ ಕ್ಯಾನ್‌ಬೆರಾದಲ್ಲಿ ಶತ್ರುನೆಲದ ಆಳಕ್ಕೆ ಮತ್ತೆ ಮತ್ತೆ ಹೋಗಿ ತಂದ ಚಿತ್ರಗಳಿಗಾಗಿ ಅವರಿಗೆ ಮಹಾವೀರ ಚಕ್ರ ಸಂದಿತು. ಫೋಟೊ ವಿಮಾನ ಬಾಂಬು ಬಿಡದು. ಆದರೆ ಬಾಂಬು ಎಲ್ಲಿ ಬೀಳಬೇಕು, ಬಿದ್ದದ್ದು ಎಲ್ಲಿ ಎಂದು ಹೇಳುವುದು ಅದೇ.

ಅದೇ ಯುದ್ಧದಲ್ಲಿ ಬೆಂಗಳೂರಿನ ಕಾರ್ಖಾನೆಯೂ ಪರೀಕ್ಷೆಗೆ ಒಳಗಾಯಿತು. ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಎಚ್‌ಎಎಲ್‌ನಲ್ಲಿ ರೂಪಿಸಿದ, 1961ರ ಜೂನ್ 17ರಂದು ಮೊದಲು ಹಾರಿದ ಮಾರುತ್, ರಾಜಸ್ಥಾನ ಮತ್ತು ಸಿಂಧ್ ರಣಾಂಗಣದಲ್ಲಿ ನೆಲದಾಳಿಗೆ ಇಳಿಯಿತು. ಡಿಸೆಂಬರ್ 5ರಂದು ನಯಾ ಛೋರ್ ಬಳಿ ಮಾರುತ್ ಒಂದಕ್ಕೆ ಪೆಟ್ಟು ಬಿದ್ದು ಫ್ಲೈಟ್ ಲೆಫ್ಟಿನೆಂಟ್ ಜೆ.ಎಲ್. ಭಾರ್ಗವ ಮರುಭೂಮಿಯಲ್ಲಿ ಇಳಿದರು. ತಾನು ಪಾಕಿಸ್ತಾನದ ಪೈಲಟ್ ಮನ್ಸೂರ್ ಅಲಿ ಎಂದು ಹೇಳಿಕೊಂಡು ಹಳ್ಳಿಯವರನ್ನು ನಂಬಿಸಿ ಗಡಿಯ ಕಡೆ ನಡೆದರು. ಕೊನೆಗೆ ಇಸ್ಲಾಮಿನ ಶ್ರದ್ಧಾವಾಕ್ಯವಾದ ಕಲಮಾ ಹೇಳು ಎಂದಾಗ ಹೇಳಲಾರದೆ ಸಿಕ್ಕಿಬಿದ್ದರು.

ಸೆರೆಯಾದ ವಾಯುಪಡೆಯವರನ್ನು ರಾವಲ್ಪಿಂಡಿಯ ಶಿಬಿರವೊಂದರಲ್ಲಿ ಇಟ್ಟಿದ್ದರು. 1972ರ ಆಗಸ್ಟಿನಲ್ಲಿ ದಿಲೀಪ್ ಪಾರೂಲ್ಕರ್, ಎಂ.ಎಸ್. ಗ್ರೇವಾಲ್, ಹರೀಶ್ ಸಿಂಹಜಿ ಮೂವರು ಗೋಡೆ ಕೊರೆದು ಹೊರಬಿದ್ದು ಅಫ್ಘಾನಿಸ್ತಾನದ ಗಡಿಯ ಸಮೀಪದ ಲಂಡಿ ಕೋಟಲ್‌ವರೆಗೆ ತಲುಪಿದರು. ಹಳೆಯ ನಕ್ಷೆಯಲ್ಲಿದ್ದ ಲಂಡಿ ಖಾನಾ ರೈಲು ನಿಲ್ದಾಣಕ್ಕೆ ದಾರಿ ಕೇಳಿದ್ದು ಮುಳುವಾಯಿತು: ಆ ನಿಲ್ದಾಣ 1932ರಲ್ಲೇ ಮುಚ್ಚಿಹೋಗಿತ್ತು. ತಪ್ಪಿಸಿಕೊಳ್ಳಲು ಯತ್ನಿಸಿದ ಯುದ್ಧಕೈದಿಗೆ ಶಿಸ್ತಿನ ಶಿಕ್ಷೆಯನ್ನಷ್ಟೇ ಕೊಡಬಹುದು ಎನ್ನುತ್ತದೆ 1949ರ ಮೂರನೇ ಜಿನೀವಾ ಒಪ್ಪಂದ. ಅದೇ ಒಪ್ಪಂದದಂತೆ ಕೈದಿ ಹೇಳಬೇಕಾದದ್ದು ಹೆಸರು, ದರ್ಜೆ, ಹುಟ್ಟಿದ ದಿನ, ಸೇವಾ ಸಂಖ್ಯೆ, ಇಷ್ಟೇ. ಅಪಾಯಕ್ಕೆ ಸಿಕ್ಕ ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿಯುತ್ತಿರುವವರ ಮೇಲೆ ಗುಂಡು ಹಾರಿಸಬಾರದೆಂಬ ನಿಯಮ ಒಪ್ಪಂದದ ರೂಪ ಪಡೆದದ್ದು 1977ರ ಹೆಚ್ಚುವರಿ ಪ್ರೋಟೋಕಾಲಿನಲ್ಲಿ. ರಾವಲ್ಪಿಂಡಿಯ ಕೈದಿಗಳು 1972ರ ಡಿಸೆಂಬರ್ 1ರಂದು ವಾಘಾ ದಾಟಿ ಮರಳಿದರು.

ಎಲ್ಲರೂ ಮರಳಲಿಲ್ಲ. ಪಾಕಿಸ್ತಾನದ ಸೆರೆಯಲ್ಲಿ ಉಳಿದಿರಬಹುದೆಂದು ಭಾರತ ಹೇಳುತ್ತ ಬಂದ 54 ಸೈನಿಕರ ಪಟ್ಟಿಯಲ್ಲಿ ಅರ್ಧದಷ್ಟು ಮಂದಿ ವಾಯುಪಡೆಯವರು. ಕ್ಯಾನ್‌ಬೆರಾ ಸಿಬ್ಬಂದಿಯ ಹೆಸರುಗಳೂ ಅದರಲ್ಲಿವೆ. ಅಂಥವರ ಸೆರೆಯನ್ನು ಪಾಕಿಸ್ತಾನ ಒಪ್ಪಿಕೊಂಡಿಲ್ಲ. ದೇವಯ್ಯನವರ ಸಾವು ಹೇಗಾಯಿತೆಂದು 23 ವರ್ಷದ ಮೇಲಾದರೂ ಅವರ ಮನೆಗೆ ಗೊತ್ತಾಯಿತು. ಈ ಪಟ್ಟಿಯಲ್ಲಿರುವವರ ಮನೆಗಳಿಗೆ ಅಷ್ಟೂ ಸಿಕ್ಕಿಲ್ಲ.

ಬದುಕಿ ಬಂದವರ ದೇಹದ ಲೆಕ್ಕ ನೋಡುವ ಜಾಗವೂ ಬೆಂಗಳೂರಿನಲ್ಲೇ ಇದೆ. ಎಜೆಕ್ಷನ್ ಸೀಟಿನ ಸ್ಫೋಟ ಪೈಲಟನನ್ನು ಕ್ಷಣಾರ್ಧದಲ್ಲಿ ಮೇಲಕ್ಕೆ ಎಸೆಯುವಾಗ ಬೆನ್ನುಮೂಳೆಯ ಮಣಿಗಳು ಒತ್ತಿ ಬಿರುಕು ಬಿಡುವುದು ಸಾಮಾನ್ಯ. 1957ರಲ್ಲಿ ಆರಂಭವಾದ, ಇಂದು ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಎನಿಸಿಕೊಂಡಿರುವ ಸಂಸ್ಥೆ ವಿಮಾನ ಬಿಟ್ಟು ಹಾರಿದವರನ್ನು ಪರೀಕ್ಷಿಸಿ, ಮತ್ತೆ ಹಾರಬಹುದೇ ಎಂದು ತೀರ್ಮಾನಿಸುತ್ತದೆ. ಅಲ್ಲಿಗೆ ಹತ್ತಿರದ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತ್, ಕ್ಯಾನ್‌ಬೆರಾ ಎರಡನ್ನೂ ನೋಡಬಹುದು. ನಗರದ ಉತ್ತರದಲ್ಲಿ 1963ರಲ್ಲಿ ಸ್ಥಾಪನೆಯಾದ ಯಲಹಂಕ ವಾಯುನೆಲೆಯಿದೆ. 

1999ರ ಕಾರ್ಗಿಲ್ ಸಂಘರ್ಷದಲ್ಲಿ ಈ ಚರಿತ್ರೆಗೆ ಇನ್ನೆರಡು ಘಟನೆ ಸೇರಿದವು. ಮೇ 21ರಂದು ಫೋಟೊ ತೆಗೆಯುತ್ತಿದ್ದ ಕ್ಯಾನ್‌ಬೆರಾದ ಎಂಜಿನ್ನಿಗೆ ಕ್ಷಿಪಣಿ ತಾಕಿದರೂ ಸ್ಕ್ವಾಡ್ರನ್ ಲೀಡರ್ ಪೆರುಮಾಳ್ ಒಂದೇ ಎಂಜಿನ್ನಿನಲ್ಲಿ ವಿಮಾನವನ್ನು ಇಳಿಸಿದರು. ಮೇ 27ರಂದು ಮಿಗ್-27 ನೆಲದಾಳಿ ವಿಮಾನದ ಎಂಜಿನ್ ನಿಂತು ಫ್ಲೈಟ್ ಲೆಫ್ಟಿನೆಂಟ್ ಕೆ. ನಚಿಕೇತ ಎಜೆಕ್ಟ್ ಆಗಿ ಸೆರೆಸಿಕ್ಕಿದರು. ಎಂಟು ದಿನದ ಬಳಿಕ ಬಿಡುಗಡೆಯಾಗಿ, ಬೆನ್ನಿನ ಗಾಯದಿಂದ ಚೇತರಿಸಿಕೊಂಡು, ಸಾಗಣೆ ವಿಮಾನಗಳ ಪೈಲಟ್ ಆಗಿ ಮತ್ತೆ ಹಾರಿದರು.